ದರೋಜಿ ಕರಡಿಧಾಮದಲ್ಲಿ ಡೇರೆ ಹಾಕಿ ಮಲಗಬಹುದೇ?

[ದೃಶ್ಯ: ಕತ್ತಲು. ಧ್ವನಿ ಮಾತ್ರ: ಸೊರ್ರ್... ಸೊರ್ರ್...]

ಈ ಸದ್ದು ಯಾವುದೆಂದು ಊಹಿಸುತ್ತಿರಿ. ಉತ್ತರ ನಡುವೆ ಎಲ್ಲೋ ಬರುತ್ತದೆ. ಕಮೆಂಟ್‌ನಲ್ಲಿ ಈಗಲೇ ‘ಮಿಕ್ಸಿ’ ಎಂದು ಬರೆಯಬೇಡಿ.

[ದೃಶ್ಯ: ನಿರೂಪಕ, ಹಿಂದೆ ಬಳ್ಳಾರಿಯ ಕೋಟೆಗುಡ್ಡ]

ನಮಸ್ಕಾರ. ಸಿರುಗುಪ್ಪದ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳುಹಿಸಿದ್ದಾರೆ. ಅವರ ಭಾವಮೈದುನ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸಫಾರಿ ವೆಸ್ಟ್ ಎಂಬ ಜಾಗದಲ್ಲಿ ಒಂದು ರಾತ್ರಿ ಡೇರೆಯಲ್ಲಿ ಮಲಗಿ, ಬೆಳಗ್ಗೆ ಜಿರಾಫೆ ನೋಡುತ್ತಾ ಕಾಫಿ ಕುಡಿಯುವ ಫೋಟೊವನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರಂತೆ. ಅಂದಿನಿಂದ ಇವರ ಮನೆಯಲ್ಲಿ ನೆಮ್ಮದಿ ಇಲ್ಲ. ಮಕ್ಕಳ ಪ್ರಶ್ನೆ ಇಷ್ಟೇ: ಜಿರಾಫೆ ಬೇಡ, ನಮ್ಮ ದರೋಜಿಯ ಕರಡಿಗಳ ನಡುವೆ ಹಾಗೆ ಒಂದು ರಾತ್ರಿ ಡೇರೆಯಲ್ಲಿ ಮಲಗಲು ಬಿಡುತ್ತಾರೆಯೇ?

ಬಿಡುವುದಿಲ್ಲ. ಉತ್ತರ ಸಿಕ್ಕಿತೆಂದು ಎದ್ದು ಹೋಗಬೇಡಿ, ಏಕೆ ಬಿಡುವುದಿಲ್ಲ ಎಂಬುದರಲ್ಲೇ ಮಜಾ ಇದೆ.

ಬೇಗ ಬೇಗ ಮುಗಿಸಬೇಕಾದದ್ದು ಮೊದಲು. ಸಫಾರಿ ಎಂಬುದು ಸ್ವಾಹಿಲಿ ಭಾಷೆಯ ಪದ, ಅರ್ಥ ಪ್ರಯಾಣ. ಅದರ ಬೇರು ಅರಬ್ಬಿಯ ‘ಸಫರ್’. ಬಳ್ಳಾರಿ, ರಾಯಚೂರಿನ ಕಡೆ ಉರ್ದು ಕಿವಿಗೆ ಬಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತಂದೆಯ ಕಾಲದವರಿಗೆ ಮಾತ್ರ ಸಫಾರಿ ಎಂದರೆ ಮದುವೆಗೆ ಹೊಲಿಸುವ ಬಟ್ಟೆ.

ಈಗ, ಪ್ರಾಣಿ ನೋಡುವ ಜಾಗಗಳಲ್ಲಿ ಎರಡು ಜಾತಿ. ಕ್ಯಾಲಿಫೋರ್ನಿಯಾದ್ದು ಬೇಲಿಯೊಳಗಿನ ವಿಶಾಲ ಬಯಲು. ಪ್ರಾಣಿಗಳನ್ನು ತಂದು ಸಾಕಿರುತ್ತಾರೆ, ಹೊತ್ತಿಗೆ ಮೇವು ಹಾಕುತ್ತಾರೆ, ನಿಮ್ಮ ಡೇರೆಗೂ ಅವುಗಳಿಗೂ ನಡುವೆ ಬೇಲಿ ಇರುತ್ತದೆ. ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯದ ಹುಲಿ, ಸಿಂಹ ಸಫಾರಿಯೂ ಇದೇ ಜಾತಿ. ಬಳ್ಳಾರಿಯ ಹಳೆಯ ಚಿಕ್ಕ ಮೃಗಾಲಯ ನೆನಪಿದೆಯೇ? ಅಲ್ಲಿನ ಪ್ರಾಣಿಗಳು ಹೋದದ್ದು ಅಲ್ಲಿಗೇ. ದರೋಜಿ ಹಾಗಲ್ಲ. ಅದು ವನ್ಯಜೀವಿ ಧಾಮ. 1994ರಲ್ಲಿ ಬಿಳಿಕಲ್ಲು ಮೀಸಲು ಅರಣ್ಯವನ್ನು ಕರಡಿಗಳಿಗಾಗಿ ಘೋಷಿಸಿದರು, 2009ರಲ್ಲಿ ಬುಕ್ಕಸಾಗರದ ಕಾಡನ್ನೂ ಸೇರಿಸಿದರು, ಈಗ ಒಟ್ಟು 82.72 ಚದರ ಕಿಲೋಮೀಟರ್. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ದರೋಜಿ ಊರು ಬಳ್ಳಾರಿಯ ಸಂಡೂರು ತಾಲ್ಲೂಕಿನಲ್ಲಿ ಉಳಿಯಿತು, ಕಮಲಾಪುರದ ಕಡೆಯ ಕಾಡು ಹೊಸ ಜಿಲ್ಲೆಗೆ ಹೋಯಿತು. ಕರಡಿಗಳಿಗೆ ಯಾರೂ ತಿಳಿಸಿಲ್ಲ.

ತುಂಗಭದ್ರೆಯ ಆಚೆ ದಡದ ಆನೆಗೊಂದಿಯನ್ನು ಕಿಷ್ಕಿಂಧೆ ಎನ್ನುತ್ತೇವಲ್ಲ, ಅಲ್ಲಿ ಜಾಂಬವಂತ ಇದ್ದ. ಅವನ ವಂಶಸ್ಥರು ಈಚೆ ದಡಕ್ಕೆ ಬಂದಿದ್ದಾರೆ ಎಂದುಕೊಳ್ಳಿ.

[ದೃಶ್ಯ: ಕರಡಿಯ ಮುಖದ ರೇಖಾಚಿತ್ರ]

ಈಗ ನನಗೆ ಇಷ್ಟವಾದ ಭಾಗ. ನಮ್ಮ ಕರಡಿಗೆ ಇಂಗ್ಲಿಷಿನಲ್ಲಿ ಸ್ಲಾತ್ ಬೇರ್ ಎನ್ನುತ್ತಾರೆ. ಸ್ಲಾತ್ ಎಂದರೆ ಸೋಮಾರಿತನ, ಆದರೆ ಇದು ಸೋಮಾರಿ ಎಂದಲ್ಲ, ಓಡಿದರೆ ನಿಮ್ಮನ್ನು ಹಿಂದೆ ಹಾಕುತ್ತದೆ. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ವಿಜ್ಞಾನಿ ಇದರ ಉದ್ದುದ್ದ ಉಗುರು ಮತ್ತು ವಿಚಿತ್ರ ಹಲ್ಲುಸಾಲು ನೋಡಿ, ಇದು ದಕ್ಷಿಣ ಅಮೆರಿಕದ ಮರಗಳಿಗೆ ಜೋತುಬೀಳುವ ಸ್ಲಾತ್‌ನ ನೆಂಟ ಎಂದು ಹೆಸರಿಟ್ಟುಬಿಟ್ಟ. ತಪ್ಪು ಆಮೇಲೆ ಗೊತ್ತಾಯಿತು, ಹೆಸರು ಮಾತ್ರ ಪಡಿತರ ಚೀಟಿಯ ತಪ್ಪಿನಂತೆ ಹಾಗೆಯೇ ಉಳಿಯಿತು.

ಆದರೆ ಆ ಹಲ್ಲು! ಉಳಿದ ಕರಡಿಗಳಿಗೆ ಸಾಮಾನ್ಯವಾಗಿ 42 ಹಲ್ಲು, ಇದಕ್ಕೆ 40. ಮೇಲ್ದವಡೆಯ ನಟ್ಟನಡುವಿನ ಎರಡು ಬಾಚಿಹಲ್ಲುಗಳೇ ಇಲ್ಲ. ಗೆದ್ದಲ ಹುತ್ತವನ್ನು ಉಗುರಿನಿಂದ ಒಡೆಯುತ್ತದೆ, ಒಳಕ್ಕೆ ಮೂತಿ ಇಡುತ್ತದೆ, ಮೊದಲು ಉಫ್ ಎಂದು ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಉದ್ದನೆಯ ತುಟಿಗಳನ್ನು ಕೊಳವೆಯಂತೆ ಮಾಡಿ, ಹಲ್ಲಿಲ್ಲದ ಆ ಸಂದಿಯಿಂದ ಗೆದ್ದಲುಗಳನ್ನು ಎಳೆದುಕೊಳ್ಳುತ್ತದೆ.

ಎಲ್ಲರೂ ಇದನ್ನು ವ್ಯಾಕ್ಯೂಮ್ ಕ್ಲೀನರ್‌ಗೆ ಹೋಲಿಸುತ್ತಾರೆ. ನಾನು ಒಪ್ಪುವುದಿಲ್ಲ. ಆ ಯಂತ್ರ ಬಿಸಿಯನ್ನು ಆರಿಸುವುದಿಲ್ಲ, ರುಚಿ ನೋಡುವುದಿಲ್ಲ. ನಮ್ಮ ಕಡೆಯ ಹೋಟೆಲುಗಳಲ್ಲಿ ಬೆಳಗಿನ ಜಾವ ಕೂತ ಹಿರಿಯರನ್ನು ನೋಡಿ. ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಮೊದಲು ಉಫ್ ಎಂದು ಊದುತ್ತಾರೆ, ತುಟಿ ಚಾಚುತ್ತಾರೆ, ಕಣ್ಣು ಮುಚ್ಚುತ್ತಾರೆ, ಸೊರ್ರ್. ಮುಂದಿನ ಎರಡು ಹಲ್ಲು ಬಿದ್ದಿದ್ದರಂತೂ ಇನ್ನೂ ಸಲೀಸು. ಊದು, ಹೀರು, ಊದು, ಹೀರು: ಕರಡಿಯ ಕ್ರಮವೂ ಅದೇ. ವ್ಯತ್ಯಾಸವೆಂದರೆ ಕರಡಿಯ ಸದ್ದು ನೂರು ಮೀಟರಿನ ಆಚೆಗೂ ಕೇಳಿಸುತ್ತದೆ. ನಮ್ಮ ದೊಡ್ಡಪ್ಪನದು ಎಂಬತ್ತಕ್ಕೇ ನಿಲ್ಲುತ್ತಿತ್ತು.

ಆರಂಭದಲ್ಲಿ ನೀವು ಕೇಳಿದ್ದು ಇದೇ ಸದ್ದು. ಅಥವಾ ಇದಕ್ಕೆ ಬಹಳ ಹತ್ತಿರದ್ದು. ಏಕೆ ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದೇನೆ ಎಂದು ಈಗ ಹೇಳುತ್ತೇನೆ.

[ದೃಶ್ಯ: ವೀಕ್ಷಣಾ ಗೋಪುರ, ಎದುರಿಗೆ ಕರಡಿಕಲ್ಲು ಗುಡ್ಡ]

ಧಾಮದಲ್ಲಿ ಕರಡಿ ನೋಡುವುದು ಜೀಪಿನಲ್ಲಿ ಬೆನ್ನಟ್ಟಿಕೊಂಡು ಹೋಗಿ ಅಲ್ಲ. ಗೋಪುರದಲ್ಲಿ ಸುಮ್ಮನೆ ಕೂರಬೇಕು. ಮಧ್ಯಾಹ್ನ ಅರಣ್ಯ ಸಿಬ್ಬಂದಿ ಎದುರಿನ ಬಂಡೆಗಳಿಗೆ ಬೆಲ್ಲ, ಜೇನಿನ ಪಾಕ ಸವರಿ ಬರುತ್ತಾರೆ. ಬಿಸಿಲು ಇಳಿದ ಮೇಲೆ ಗುಹೆಗಳಿಂದ ಕರಡಿಗಳು ಒಂದೊಂದಾಗಿ ಇಳಿಯುತ್ತವೆ. ತಾಯಿಯ ಬೆನ್ನ ಮೇಲೆ ಎರಡು ಮರಿ, ಗಾಂಧಿನಗರದ ರಸ್ತೆಯ ಮೂವರ ಸವಾರಿಯಂತೆ. ಪಾಲು ಕೇಳಲು ನವಿಲು, ಮುಂಗುಸಿ, ಕಾಡುಹಂದಿಗಳೂ ಬರುತ್ತವೆ. ಈ ಬೆಲ್ಲದ ಬಗ್ಗೆ ನನಗೆ ತಕರಾರಿದೆ, ಮುಚ್ಚಿಡುವುದಿಲ್ಲ. ಬಾರೆ ಹಣ್ಣು, ಕಕ್ಕೆಕಾಯಿ, ಗೆದ್ದಲು ಹುಡುಕಿಕೊಂಡು ಅಲೆಯಬೇಕಾದ ಪ್ರಾಣಿ ಬಸ್ಸಿನ ವೇಳೆಯಂತೆ ಬಂದು ಬಂಡೆ ನೆಕ್ಕುವುದು ಸ್ವಲ್ಪ ನಾಟಕವೇ. ಆದರೂ ನಾನು ಮೂರು ಸಲ ಹೋಗಿ ಆ ನಾಟಕ ನೋಡಿದ್ದೇನೆ. ಕೊನೆಯ ಸಲ ಕರಡಿ ಇಳಿಯುತ್ತಿರುವಾಗಲೇ ಗೋಪುರದಲ್ಲಿ ಒಬ್ಬರ ಮೊಬೈಲ್ ಭಕ್ತಿಗೀತೆ ಹಾಡಿತು. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಎನ್ನುತ್ತೇವೆ. ಅಂದು ಕರಡಿಯ ಪೂಜೆಯಲ್ಲಿ ನಮ್ಮನ್ನು ಬಿಟ್ಟಿದ್ದರು.

ಸಂಜೆ ಎಲ್ಲರನ್ನೂ ಹೊರಗೆ ಕಳುಹಿಸುತ್ತಾರೆ. ಕರಡಿಯ ದಿನ ಆರಂಭವಾಗುವುದೇ ಆಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗೆ ಕಾಲಿಡುವುದಕ್ಕೇ ಅನುಮತಿ ಬೇಕು, ಮಲಗುವುದು ದೂರದ ಮಾತು. ಕಾನೂನು ಪಕ್ಕಕ್ಕಿರಲಿ. ನೀವು ಡೇರೆಯಲ್ಲಿ ಏನು ಇಟ್ಟುಕೊಳ್ಳುತ್ತೀರಿ? ಶೇಂಗಾ ಚಿಕ್ಕಿ, ಬಾಳೆಹಣ್ಣು. ಹುತ್ತದೊಳಗಿನ ಗೆದ್ದಲನ್ನೇ ಮೂಸಿ ಹಿಡಿಯುವ ಪ್ರಾಣಿಗೆ ನಿಮ್ಮ ಡೇರೆ ಬೆಲ್ಲ ಸವರಿದ ಇನ್ನೊಂದು ಬಂಡೆ ಅಷ್ಟೇ. ಹುಲಿಗಳ ಜೊತೆ ಬದುಕಲು ಕಲಿತ ಕುಲ ಅದು, ಹತ್ತಿರದಿಂದ ಬೆಚ್ಚಿಬಿದ್ದರೆ ಓಡುವ ಬದಲು ಎರಗುತ್ತದೆ. ಕೀನ್ಯಾದ ಮಸಾಯಿ ಮಾರಾದಲ್ಲಿ ಬೇಲಿಯಿಲ್ಲದ ಡೇರೆಗಳಿವೆ, ನಿಜ. ಅಲ್ಲಿ ಕತ್ತಲಾದ ಮೇಲೆ ಊಟದ ಜಾಗದಿಂದ ಡೇರೆಗೆ ಹೋಗಲೂ ಕಾವಲುಗಾರ ಜೊತೆಗೆ ಬರಬೇಕು.

ಹಟ ಬಿಡದೆ ನಾನೊಂದು ಕೆಲಸ ಮಾಡಿದೆ. ಕಾಡಿನಿಂದ ಸಾಕಷ್ಟು ದೂರದ ತೋಟವೊಂದರಲ್ಲಿ ಬಾಡಿಗೆ ಡೇರೆ ಹಿಡಿದೆ. ಜಿಪ್ ಅರ್ಧಕ್ಕೇ ನಿಲ್ಲುತ್ತಿತ್ತು, ಉಳಿದರ್ಧಕ್ಕೆ ಬಟ್ಟೆಯ ಕ್ಲಿಪ್ಪು. ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಯಿತು. ಉಫ್. ಸೊರ್ರ್. ಹತ್ತು ಹೆಜ್ಜೆಯಲ್ಲಿ. ಮೊಬೈಲ್‌ನ ರೆಕಾರ್ಡರ್ ಒತ್ತಿದೆ, ಇನ್ನೊಂದು ಕೈಯಲ್ಲಿ ಸ್ಟೀಲ್ ಫ್ಲಾಸ್ಕ್ ಹಿಡಿದುಕೊಂಡೆ. ಹತ್ತು ನಿಮಿಷ ಬೆವರಿದ ಮೇಲೆ ಕ್ಲಿಪ್ಪು ಸರಿಸಿ ನೋಡಿದರೆ, ತೋಟದ ಕಾವಲುಗಾರ ಬಸಿಯಲ್ಲಿ ಚಹಾ ಕುಡಿಯುತ್ತಿದ್ದಾರೆ. “ಕರಡಿ ಬಂದಿದ್ದರೆ ನಾಯಿ ಸುಮ್ಮನೆ ಮಲಗಿರುತ್ತಿತ್ತೇ?” ಎಂದು ನನಗೂ ಅರ್ಧ ಬಸಿ ಕೊಟ್ಟರು.

[ದೃಶ್ಯ: ಮೂಲೆಯಲ್ಲಿ ಗಡಿಯಾರ]

ಎಡಿಟರ್ ಕೈಬೀಸುತ್ತಿದ್ದಾರೆ, ಉಳಿದದ್ದು ಒಂದೇ ಉಸಿರಿಗೆ. ತಂಗಲು ಕಮಲಾಪುರದ ಬಳಿ ಜಂಗಲ್ ಲಾಡ್ಜಸ್ ಎಂಬ ಸರ್ಕಾರಿ ಸಂಸ್ಥೆಯ ಕಾಟೇಜುಗಳಿವೆ. ಡೇರೆಯೇ ಬೇಕು ಎಂದರೆ ಅದೇ ಸಂಸ್ಥೆಯ ಕೆ. ಗುಡಿ, ಕಬಿನಿ, ಭೀಮೇಶ್ವರಿಗೆ ಹೋಗಬೇಕು, ಅವೆಲ್ಲ ದಕ್ಷಿಣಕ್ಕೆ, ಇಲ್ಲಿಂದ ದೂರ. ದರೋಜಿಗೆ ದುರ್ಬೀನು ತನ್ನಿ, ಸೆಂಟು ಹಚ್ಚಬೇಡಿ. ಕರಡಿ ಬಾರದಿದ್ದರೂ ಪೇಂಟೆಡ್ ಸ್ಪರ್‌ಫೌಲ್ ಎಂಬ ಹಕ್ಕಿಗಾಗಿಯೇ ಬರುವವರಿದ್ದಾರೆ. ದರೋಜಿ ಊರು ಬುರ್ರಕಥೆ ಎಂಬ ಜನಪದ ಹಾಡುಗತೆಯ ಕಲಾವಿದೆ ಈರಮ್ಮನವರದು, ಅವರ ಬಗ್ಗೆ ಬೇರೆಯೇ ವಿಡಿಯೋ ಮಾಡಬೇಕು. ಕೊಪ್ಪಳ ಜಿಲ್ಲೆಯ ಬಂಕಾಪುರದ ತೋಳಧಾಮ ಮುಂದಿನ ಕಂತಿಗೆ.

ಸಿರುಗುಪ್ಪದ ಯಜಮಾನರೇ, ಭಾವಮೈದುನನ ಜಿರಾಫೆಗೆ ಉತ್ತರವಾಗಿ ಈ ವಿಡಿಯೋದ ಮೊದಲ ಹತ್ತು ಸೆಕೆಂಡನ್ನು ಗುಂಪಿಗೆ ಹಾಕಿ. ‘ದರೋಜಿ ಕಡೆ, ಬೆಳಗಿನ ಜಾವ, ಡೇರೆಯಿಂದ ಹತ್ತು ಹೆಜ್ಜೆ’ ಎಂದಷ್ಟೇ ಬರೆಯಿರಿ. ಚಹಾದ ವಿಷಯ ಎತ್ತಬೇಡಿ.

[ಧ್ವನಿ: ಉಫ್... ಸೊರ್ರ್...]