ಫಾರ್ಮ್ಯಾಟ್ ಹೊಡೆಯಬೇಡಿ ಮಾರಾಯ್ರೆ!

ಎಲ್ಲರಿಗೂ ನಮಸ್ಕಾರ. ಇವತ್ತು ಬೇರೆ ವಿಷಯ ತಯಾರು ಮಾಡಿ ಇಟ್ಟಿದ್ದೆ. ಅದನ್ನು ಬದಿಗೆ ಇಡುತ್ತೇನೆ. ಯಾಕೆ ಅಂದರೆ ಕಳೆದ ವಾರದ ವಿಡಿಯೋದ ಕೆಳಗೆ ಒಬ್ಬರು ಬರೆದಿದ್ದಾರೆ: "ಸಾರ್, ಇಷ್ಟು ಉದ್ದ ಎಳೆಯುವುದು ಯಾಕೆ? ವೈರಸ್ ಬಂದರೆ ಫಾರ್ಮ್ಯಾಟ್ ಹೊಡೆದರೆ ಆಯಿತು. ಅರ್ಧ ಗಂಟೆ ಕೆಲಸ." ಅದಕ್ಕೆ ಲೈಕ್ ಬೇರೆ ಬಿದ್ದಿವೆ. ಓದಿ ಮಂಡೆ ಬಿಸಿ ಆಯಿತು.

ಫಾರ್ಮ್ಯಾಟ್ ಹೊಡೆಯಬೇಡಿ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಬಂದಾಗಲಂತೂ ಮೊದಲ ಕೆಲಸ ಫಾರ್ಮ್ಯಾಟ್, ಅಂದರೆ ಡಿಸ್ಕ್ ಪೂರ್ತಿ ಅಳಿಸುವುದು, ಆಗಲೇಬಾರದು. ಇವತ್ತು ನಾನು ಹೇಳುವುದು ಇದೊಂದೇ.

ಉಡುಪಿ ಕಡೆ ನಮಗೆ ಪರಿಚಯದ ಮಾಮ ಒಬ್ಬರು ಇದ್ದಾರೆ. ರಿಟೈರ್ಡ್ ಮೇಷ್ಟ್ರು. ತಾಳಮದ್ದಳೆ, ಅಂದರೆ ವೇಷ ಇಲ್ಲದೆ ಕೂತು ಹಾಡು ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ, ಅವರ ಜೀವ. ಮಳೆಗಾಲದಲ್ಲಿ ಎಲ್ಲಿ ಕೂಟ ಉಂಟು ಅಂತ ಗೊತ್ತಾದರೂ ಟೇಪ್ ರೆಕಾರ್ಡರ್ ಹಿಡಿದುಕೊಂಡು ಹೋಗಿ ಪದ ಹಾಡುವ ಭಾಗವತರ ಹತ್ತಿರವೇ ಕೂತುಬಿಡುತ್ತಿದ್ದರು. ಈಗ ನಮ್ಮ ನಡುವೆ ಇಲ್ಲದ ಎಷ್ಟೋ ಅರ್ಥಧಾರಿಗಳ, ಅಂದರೆ ಪಾತ್ರಗಳ ಮಾತು ಆಡುವವರ, ಸ್ವರ ಅವರ ಕ್ಯಾಸೆಟ್‌ಗಳಲ್ಲಿ ಇತ್ತು. ಕ್ಯಾಸೆಟ್ ಹಾಳಾಗುತ್ತದೆ ಅಂತ ಒಂದೊಂದನ್ನೇ ಎಂಪಿ3 ಮಾಡಿ ಕಂಪ್ಯೂಟರಿಗೆ ಹಾಕಿದ್ದರು. ಹೆಸರು, ಊರು, ತಾರೀಕು ಎಲ್ಲ ಬರೆದು.

ರಜೆಗೆ ಬಂದ ಮೊಮ್ಮಗ ವಿಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರಿನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಓಡಿಸುವ ಕಳ್ಳ ಪ್ರತಿ, ಇಳಿಸಿದ. ಮರುದಿನ ಬೆಳಿಗ್ಗೆ ನೋಡಿದರೆ ಎಲ್ಲ ಫೈಲಿನ ಹೆಸರಿಗೆ ನಾಲ್ಕು ಅಕ್ಷರದ ಒಂದು ಬಾಲ. ಒಂದೂ ತೆರೆಯುವುದಿಲ್ಲ. ಫೋಲ್ಡರ್ ಫೋಲ್ಡರಿನಲ್ಲಿ ರೀಡ್‌ಮಿ ಅಂತ ಒಂದು ಚೀಟಿ. 980 ಡಾಲರ್ ಕೊಡಿ, 72 ಗಂಟೆಯೊಳಗೆ ಬಂದರೆ ಅರ್ಧಕ್ಕೆ, 490ಕ್ಕೆ ಬಿಡುತ್ತೇವೆ ಅಂತ. ಮಾಮ ಗಾಬರಿಯಾಗಿ ಪೇಟೆಯ ಒಂದು ಅಂಗಡಿಗೆ ಒಯ್ದರು. ಅಂಗಡಿಯವರು ನೋಡಿದ ಕೂಡಲೇ, "ಇದು ಆಗುವುದಿಲ್ಲ, ಫೈಲೆಲ್ಲ ಸತ್ತುಹೋಗಿದೆ" ಅಂದರು. ಸಿ ಡ್ರೈವ್, ಡಿ ಡ್ರೈವ್ ಎಲ್ಲ ಅಳಿಸಿ, ಹೊಸ ವಿಂಡೋಸ್ ಹಾಕಿ ಕೊಟ್ಟರು.

ಆಮೇಲೆ ನನ್ನ ಹತ್ತಿರ ಬಂದರು. ಅವರ ಹತ್ತಿರ ಉಳಿದದ್ದು ಫೋನಿನಲ್ಲಿ ತೆಗೆದ ಆ ಚೀಟಿಯ ಒಂದು ಫೋಟೋ ಮಾತ್ರ. ಅದನ್ನು ದೊಡ್ಡದು ಮಾಡಿ ನೋಡಿದೆ. ಕೆಳಗೆ ಪರ್ಸನಲ್ ಐಡಿ ಅಂತ ಉದ್ದದ ಒಂದು ಸಾಲು. ಆ ಸಾಲಿನ ಕೊನೆಯಲ್ಲಿ ಟಿ1.

ಟಿ1 ಅಂದರೆ ಎಂತ? ಕೇಳಿ. ಈ 980-490ರ ಚೀಟಿ ಹಾಕುವುದು ಸ್ಟಾಪ್ ಅಥವಾ ಡಿಜೆವಿಯು ಅಂತ ಕರೆಯುವ ಜಾತಿ. ಮನೆ ಕಂಪ್ಯೂಟರುಗಳಿಗೆ ತುಂಬಾ ಕಾಟ ಕೊಟ್ಟದ್ದು ಇದೇ. ಕ್ರ್ಯಾಕ್, ಕಳ್ಳ ಲೈಸೆನ್ಸ್ ನಂಬರ್ ಮಾಡಿಕೊಡುವ ಕೀಜೆನ್ ಇವುಗಳ ಜೊತೆಗೇ ಬರುತ್ತದೆ. ಸಾಮಾನ್ಯವಾಗಿ ಇದು ಕಳ್ಳರ ಸರ್ವರಿನಿಂದ ಒಂದೊಂದು ಕಂಪ್ಯೂಟರಿಗೆ ಒಂದೊಂದು ಬೇರೆ ಕೀ, ಅಂದರೆ ಆ ಬೀಗದ ಕೈ, ತರಿಸಿಕೊಳ್ಳುತ್ತದೆ. ಸರ್ವರ್ ಸಿಗದಿದ್ದರೆ ತನ್ನೊಳಗೇ ಇಟ್ಟುಕೊಂಡಿರುವ ಕೀ ಬಳಸುತ್ತದೆ. ಆಗ ಐಡಿಯ ಕೊನೆಯಲ್ಲಿ ಟಿ1 ಬರುತ್ತದೆ. ಆ ಕೀ ಅದೇ ತಳಿ ಬಡಿದ ಎಲ್ಲರಿಗೂ ಒಂದೇ. ಎಲ್ಲೋ ಒಬ್ಬರಿಗೆ ಅದು ಸಿಕ್ಕಿ, ಹಂಚಿಕೊಂಡರೆ ಉಳಿದವರ ಬೀಗವೂ ತೆರೆಯುತ್ತದೆ. ಅದಕ್ಕೆ ಎಮ್ಸಿಸಾಫ್ಟ್ ಅನ್ನುವ ಕಂಪನಿ 2019ರ ಅಕ್ಟೋಬರಿನಲ್ಲೇ ಪುಕ್ಕಟೆ ಟೂಲ್ ಬಿಟ್ಟಿದೆ. ಅಂದರೆ ಮಾಮನ ಫೈಲುಗಳಿಗೆ ದಾರಿ ಇತ್ತು. ಇವತ್ತಲ್ಲದಿದ್ದರೆ ಇನ್ನೊಂದು ದಿನ.

ಇನ್ನೂ ಹೊಟ್ಟೆ ಉರಿಯುವ ವಿಷಯ ಉಂಟು. ಈ ಜಾತಿ ಫೈಲನ್ನು ಪೂರ್ತಿ ಲಾಕ್ ಮಾಡುವುದಿಲ್ಲ. ಬೇಗ ಬೇಗ ಎಲ್ಲ ಫೈಲು ಮುಗಿಸಬೇಕಲ್ವಾ, ಅದಕ್ಕೆ ಪ್ರತಿ ಫೈಲಿನ ಮೊದಲ 150 ಕೆಬಿ ಮಾತ್ರ ಕೆಡಿಸುತ್ತದೆ. ಈಗ ಲೆಕ್ಕ ಹಾಕಿ. 128 ಕೆಬಿಪಿಎಸ್ ಎಂಪಿ3ಯಲ್ಲಿ 150 ಕೆಬಿ ಅಂದರೆ ಹತ್ತು ಸೆಕೆಂಡೂ ಆಗುವುದಿಲ್ಲ. ಮೂರು ಗಂಟೆಯ ಕೂಟದಲ್ಲಿ ಹಾಳಾದದ್ದು ಮದ್ದಳೆ ಶ್ರುತಿ ಮಾಡುವ ಸದ್ದು, ಯಾರೋ ಕೆಮ್ಮಿದ್ದು, ಅಷ್ಟೇ. ಭಾಗವತಿಕೆ, ಕರ್ಣನ ಅರ್ಥ, ಶಲ್ಯನ ಜೊತೆಗಿನ ವಾದ ಎಲ್ಲವೂ ಡಿಸ್ಕಿನಲ್ಲಿ ಹಾಗೇ ಕೂತಿತ್ತು. ಇಂಥ ಎಂಪಿ3ಯ ಬಾಲ ಕಿತ್ತು, ಹೆಸರು ಸರಿ ಮಾಡಿ ವಿಎಲ್‌ಸಿಯಲ್ಲಿ ಹಾಕಿದರೆ ಸಾಮಾನ್ಯವಾಗಿ ಆ ಹತ್ತು ಸೆಕೆಂಡ್ ಬಿಟ್ಟು ಮುಂದಿನದ್ದು ಕೇಳುತ್ತದೆ. ಕೀ ಕೂಡ ಬೇಡ!

ಫೈಲು ಸತ್ತಿರಲಿಲ್ಲ. ಫಾರ್ಮ್ಯಾಟ್ ಮಾಡಿ ಸಾಯಿಸಿದರು.

"ಫಾರ್ಮ್ಯಾಟ್ ಆದಮೇಲೂ ರಿಕವರಿ ಮಾಡಬಹುದಲ್ವಾ ಸಾರ್" ಅಂತ ಈಗಲೇ ಟೈಪ್ ಮಾಡುತ್ತಿದ್ದೀರಿ, ನನಗೆ ಗೊತ್ತು. ಹಳೇ ಹಾರ್ಡ್ ಡಿಸ್ಕಿನಲ್ಲಿ ಸ್ವಲ್ಪ ಸಿಗಬಹುದು, ಮೇಲೆ ಹೊಸತು ಬರೆಯದಿದ್ದರೆ. ಮಾಮನದ್ದು ಚಿಪ್ಪಿನಲ್ಲಿ ಬರೆಯುವ ಹೊಸ ಬಗೆಯ ಡ್ರೈವ್, ಎಸ್‌ಎಸ್‌ಡಿ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನುವ ವ್ಯವಸ್ಥೆ ಇರುತ್ತದೆ. ಅಳಿಸಿದ ಜಾಗವನ್ನು ಡ್ರೈವ್ ತಾನಾಗಿಯೇ ಗುಡಿಸಿ ಖಾಲಿ ಮಾಡುತ್ತದೆ. ನಾನು ರಾತ್ರಿ ಕೂತು ಹುಡುಕಿದೆ. ಏನೂ ಸಿಗಲಿಲ್ಲ. ಕ್ಯಾಸೆಟ್‌ಗಳನ್ನು ಅವರು ಆಗಲೇ ಹಂಚಿಬಿಟ್ಟಿದ್ದರು.

ಇಲ್ಲಿ ಎರಡು ಬೇರೆ ಬೇರೆ ಕೆಲಸ ಉಂಟು. ಒಂದು, ವೈರಸ್ ತೆಗೆಯುವುದು. ಇನ್ನೊಂದು, ಬೀಗ ತೆರೆಯುವುದು. ಆ್ಯಂಟಿವೈರಸ್ ಮೊದಲನೆಯದನ್ನು ಮಾಡುತ್ತದೆ. ಎರಡನೆಯದು ಅದರಿಂದ ಆಗುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ವೈರಸ್ ಹೋಗುತ್ತದೆ, ಜೊತೆಗೆ ಎರಡನೆಯ ಕೆಲಸ ಮಾಡಲಿಕ್ಕೆ ವಸ್ತುವೇ ಉಳಿಯುವುದಿಲ್ಲ. ಬೀಗದ ಕೈ ಕಳೆದುಹೋಯಿತು ಅಂತ ಅಮ್ಮನ ಚಿನ್ನ ಇರುವ ಗೋದ್ರೆಜ್ ಕಪಾಟನ್ನು ಯಾರಾದರೂ ನೇತ್ರಾವತಿಗೆ ಹಾಕುತ್ತಾರಾ? ಮೂಲೆಯಲ್ಲಿ ಇಡುತ್ತೀರಿ. ಕೈ ಸಿಗುವವರೆಗೆ ಕಾಯುತ್ತೀರಿ.

ಕೀ ಸಿಗುತ್ತದಾ? ಸಿಕ್ಕಿದೆ. 2016ರ ಮೇ ತಿಂಗಳಲ್ಲಿ ಟೆಸ್ಲಾಕ್ರಿಪ್ಟ್ ಅನ್ನುವ ಇಂಥದ್ದೇ ಬೀಗ ಹಾಕುವ ಗುಂಪು ಅಂಗಡಿ ಮುಚ್ಚಿ ಮಾಸ್ಟರ್ ಕೀಯನ್ನೇ ಹೊರಗೆ ಹಾಕಿತು. 2020ರ ಏಪ್ರಿಲಿನಲ್ಲಿ ಶೇಡ್ ಅನ್ನುವ ಗುಂಪು ಏಳೂವರೆ ಲಕ್ಷಕ್ಕಿಂತ ಜಾಸ್ತಿ ಕೀಗಳನ್ನು ಬಿಟ್ಟುಕೊಟ್ಟಿತು. ಗ್ಯಾಂಡ್‌ಕ್ರ್ಯಾಬಿನ ಮಾಸ್ಟರ್ ಕೀಗಳನ್ನು 2019ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯೇ ಪ್ರಕಟ ಮಾಡಿತು. ಆವತ್ತು ಯಾರಿಗೆ ಲಾಭ ಆಯಿತು? ಬೀಗ ಬಿದ್ದ ಫೈಲುಗಳನ್ನು ಅಳಿಸದೆ ಇಟ್ಟುಕೊಂಡವರಿಗೆ. ಅರ್ಧ ಗಂಟೆಯಲ್ಲಿ ಫಾರ್ಮ್ಯಾಟ್ ಹೊಡೆದವರಿಗೆ ಮಾಸ್ಟರ್ ಕೀ ಸಿಕ್ಕಿ ಎಂತ ಪ್ರಯೋಜನ?

ಇದು ಹಳೇ ರೋಗ. 1989ರಲ್ಲೇ ಇಂಥದ್ದೊಂದು ಬಂದಿತ್ತು. ಏಡ್ಸ್ ಮಾಹಿತಿ ಅಂತ ಹೇಳಿ ಫ್ಲಾಪಿಗಳನ್ನು ಅಂಚೆಯಲ್ಲಿ ಕಳಿಸಿದ್ದರು. ಹಾಕಿಕೊಂಡವರ ಕಂಪ್ಯೂಟರ್ ಒಂದು ದಿನ ಕೈಕೊಡುತ್ತಿತ್ತು. ಪನಾಮಾದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಿ ಅಂತ ಬೇಡಿಕೆ. ಅದು ಕೆಡಿಸಿದ್ದು ಫೈಲಿನ ಹೆಸರುಗಳನ್ನು. ಒಳಗಿನದು ಹಾಗೇ ಇತ್ತು. ಸರಿ ಮಾಡುವ ಪ್ರೋಗ್ರಾಮೂ ಬೇಗ ಬಂತು. ಅಷ್ಟರಲ್ಲಿ ಕೆಲವರು ಗಾಬರಿಯಿಂದ ಡಿಸ್ಕ್ ಅಳಿಸಿ ವರ್ಷಗಟ್ಟಲೆಯ ಸಂಶೋಧನೆ ಕಳೆದುಕೊಂಡಿದ್ದರು. ಅಂದಿನಿಂದ ಇಂದಿನವರೆಗೆ ಅದೇ ಗಾಬರಿ, ಅದೇ ಫಾರ್ಮ್ಯಾಟ್!

ಅಂದ ಹಾಗೆ, ಇಷ್ಟು ಹೊತ್ತು ಕೇಳಿದವರು ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ಲದಿದ್ದರೆ ದಯವಿಟ್ಟು ಮಾಡಿ. ಕನ್ನಡದಲ್ಲಿ ಇದನ್ನು ಬಿಡಿಸಿ ಹೇಳುವವರು ಕಡಿಮೆ. ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಹಾಕಿ. ಅಲ್ಲಿ ಬರುವ ಬೇರೆ ಎಷ್ಟೋ ವಿಡಿಯೋಗಳಿಗಿಂತ ಇದರಿಂದ ಉಪಯೋಗ ಉಂಟು.

ಇನ್ನೊಬ್ಬರ ವಾದ: "ಎಲ್ಲದಕ್ಕೂ ಕೀ ಸಿಗುವುದಿಲ್ಲ." ಸರಿ, ಸಿಗುವುದಿಲ್ಲ. ಎಷ್ಟೋ ಜಾತಿಗೆ ಇವತ್ತಿಗೂ ದಾರಿ ಇಲ್ಲ. ಆದರೆ ಡಿಸ್ಕ್ ಬಿಚ್ಚಿ ಒಂದು ಕವರಿನಲ್ಲಿ ಹಾಕಿ ಇಡಲಿಕ್ಕೆ ನಿಮಗೆ ಎಂತ ಖರ್ಚು? ಅನ್ನ ಕೇಳುತ್ತದಾ ಅದು? ಇನ್ನೊಬ್ಬರು, "ದುಡ್ಡು ಕೊಟ್ಟರೆ ಮುಗಿಯಿತು" ಅನ್ನುತ್ತಾರೆ. ಕೊಟ್ಟರೆ ಕೀ ಬರುತ್ತದೆ ಅನ್ನುವ ಗ್ಯಾರಂಟಿ ಯಾರು ಕೊಟ್ಟರು? ಕಳ್ಳನ ಮಾತಾ? "ನೂರಕ್ಕೆ ನೂರು ತೆರೆದುಕೊಡುತ್ತೇವೆ, ಮೊದಲು ಅಡ್ವಾನ್ಸ್ ಹಾಕಿ" ಅಂತ ಬರುವವರನ್ನೂ ನಂಬಬೇಡಿ. ಅವರಲ್ಲಿ ಎಷ್ಟೋ ಜನ ಹಣ ತೆಗೆದುಕೊಂಡು ನಾಪತ್ತೆ.

ಹಾಗಾದರೆ ಮಾಡುವುದು ಎಂತ? ಮೊದಲು ನೆಟ್ ಕಿತ್ತುಹಾಕಿ. ವೈಫೈ ಆಫ್, ಕೇಬಲ್ ಹೊರಗೆ. ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್ ಇದ್ದರೆ ತಕ್ಷಣ ತೆಗೆಯಿರಿ, ಅವಕ್ಕೂ ಬೀಗ ಬೀಳುತ್ತದೆ. ಚೀಟಿಯ ಫೋಟೋ ತೆಗೆದುಕೊಳ್ಳಿ, ಚೀಟಿಯ ಫೈಲನ್ನೂ ಅಳಿಸಬೇಡಿ. ಆಮೇಲೆ ಬೇರೆ ಕಂಪ್ಯೂಟರಿನಿಂದ ನೋ ಮೋರ್ ರ್‍ಯಾನ್ಸಮ್ ಅನ್ನುವ ಸೈಟಿಗೆ ಹೋಗಿ. ಅದನ್ನು 2016ರಲ್ಲಿ ನೆದರ್‌ಲ್ಯಾಂಡ್ಸ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಆ್ಯಂಟಿವೈರಸ್ ಕಂಪನಿಗಳು ಸೇರಿ ಶುರು ಮಾಡಿದ್ದು. ಪೂರ್ತಿ ಪುಕ್ಕಟೆ. ಚೀಟಿ ಮತ್ತು ಬೀಗ ಬಿದ್ದ ಒಂದೆರಡು ಫೈಲು ಹಾಕಿದರೆ ಯಾವ ಜಾತಿ, ಕೀ ಉಂಟಾ ಇಲ್ವಾ ಅಂತ ಹೇಳುತ್ತದೆ. ಬ್ಯಾಂಕ್ ಕಾಗದ, ಆಧಾರ್ ಅಂಥ ಫೈಲು ಹಾಕಬೇಡಿ, ಯಾವುದಾದರೂ ಗಿಡದ ಫೋಟೋ ಸಾಕು. ವೈರಸ್ ತೆಗೆಯದೆ ಬೀಗ ತೆರೆಯುವ ಟೂಲ್ ಓಡಿಸಬೇಡಿ, ತೆರೆದದ್ದಕ್ಕೆ ಪುನಃ ಬೀಗ ಬೀಳುತ್ತದೆ. ಬೇರೆ ಫೋನಿನಿಂದ ಬ್ಯಾಂಕ್, ಮೇಲ್ ಎಲ್ಲದರ ಪಾಸ್‌ವರ್ಡ್ ಬದಲಿಸಿ. ಈ ಡಿಜೆವಿಯು ಜೊತೆಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮೂ ಬರುವುದುಂಟು. ಸೈಬರ್ ದೂರು ಕೊಡಲಿಕ್ಕೆ 1930ಕ್ಕೆ ಫೋನ್ ಮಾಡಿ.

ಹೊಸ ವಿಂಡೋಸ್ ಬೇಕೇ ಬೇಕು ಅಂದರೆ ಹೊಸ ಎಸ್‌ಎಸ್‌ಡಿ ತಂದು ಅದಕ್ಕೆ ಹಾಕಿಸಿ. ಹಳೇ ಡಿಸ್ಕ್ ನಿಮ್ಮ ಕೈಗೆ ವಾಪಸ್ ಬರಬೇಕು. ಅಂಗಡಿಯವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಚೀಟಿ ಬರೆದು ಅಂಟಿಸಿ ಕೊಡಿ.

ಬರೀ ಟೂಲ್‌ಬಾರ್, ಜಾಹೀರಾತು ಬಂದವರಿಗೂ ಇದೇ ಫಾರ್ಮ್ಯಾಟ್ ಮದ್ದು! ಮೊನ್ನೆ ಪಕ್ಕದ ಮನೆಯ ಅಕ್ಕ ಬಂದರು. ಪರದೆಯ ಬಲಗಡೆ ಕೆಳಗೆ "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್" ಅಂತ ಗಳಿಗೆಗೊಮ್ಮೆ ಬರುತ್ತಿತ್ತು. ಫಾರ್ಮ್ಯಾಟ್ ಮಾಡಬೇಕು ಅಂತ ಯಾರೋ ಹೇಳಿದ್ದರಂತೆ. ಅದು ಕ್ರೋಮಿನ ನೋಟಿಫಿಕೇಶನ್. ಯಾವುದೋ ಸೈಟಿನಲ್ಲಿ ಅಲೋ ಒತ್ತಿದ್ದಾರೆ, ಅಷ್ಟೇ. ಸೆಟ್ಟಿಂಗ್ಸಿಗೆ ಹೋಗಿ ಸೈಟ್ ಸೆಟ್ಟಿಂಗ್ಸಿನ ಒಳಗೆ ನೋಟಿಫಿಕೇಶನ್ಸ್‌ನಲ್ಲಿ ಆ ಸೈಟನ್ನು ತೆಗೆದೆ. ನಿಂತಿತು. ಟೂಲ್‌ಬಾರ್ ಹಾವಳಿಗೆ ಆ್ಯಡ್‌ಡಬ್ಲ್ಯುಕ್ಲೀನರ್ ಉಂಟು, ಪುಕ್ಕಟೆ. ವಿಂಡೋಸಿನಲ್ಲೇ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಉಂಟು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಪುಕ್ಕಟೆ ಟೂಲ್‌ಗಳು ಉಂಟು. ಇಷ್ಟೆಲ್ಲ ಇರುವಾಗ ಮನೆಯವರ ಫೋಟೋ, ಮಕ್ಕಳ ಪ್ರಾಜೆಕ್ಟ್ ಎಲ್ಲ ಅಳಿಸುವುದಾ?

ಮತ್ತೆ ಆ ಫಾರ್ಮ್ಯಾಟ್ ಹೊಡೆಯುವವರ ಪೆನ್‌ಡ್ರೈವಿನಲ್ಲಿ ಎಂತ ಇರುತ್ತದೆ ಗೊತ್ತುಂಟಾ? ವಿಂಡೋಸನ್ನು ಪುಕ್ಕಟೆ ಆ್ಯಕ್ಟಿವೇಟ್ ಮಾಡುವ ಕ್ರ್ಯಾಕ್. ಅದನ್ನು ಓಡಿಸಲಿಕ್ಕೆ ಡಿಫೆಂಡರನ್ನು ಆಫ್ ಮಾಡುತ್ತಾರೆ. ಪುನಃ ಆನ್ ಮಾಡಲಿಕ್ಕೆ ನೆನಪಿರುವುದಿಲ್ಲ. ಮಾಮನ ಮನೆಗೆ ವೈರಸ್ ಬಂದದ್ದೇ ಕ್ರ್ಯಾಕಿನಿಂದ. ಅದನ್ನು ತೆಗೆಯಲಿಕ್ಕೆ ಹೋಗಿ ಇನ್ನೊಂದು ಕ್ರ್ಯಾಕ್ ಹಾಕಿಸಿಕೊಂಡು ಬಂದಂತಾಯಿತು. ನನಗೆ ಸಿಟ್ಟು ಬರುವುದು ಇದಕ್ಕೇ.

ಫಾರ್ಮ್ಯಾಟ್ ಹೊಡೆಯಬೇಡಿ. ಅಂಗಡಿಯವರು ಹೇಳಿದರೂ ಬೇಡ. ಇಂಜಿನಿಯರಿಂಗ್ ಓದುವ ತಮ್ಮ ಹೇಳಿದರೂ ಬೇಡ. ದುಬೈಯಿಂದ ಭಾವ ಫೋನ್ ಮಾಡಿ ಹೇಳಿದರೂ ಬೇಡ. "ಎಲ್ಲರೂ ಹಾಗೇ ಮಾಡುತ್ತಾರೆ" ಅಂದರೆ ಎಲ್ಲರೂ ಮಾಡುತ್ತಿರುವುದು ತಪ್ಪು. ಬೇಡ ಅಂದರೆ ಬೇಡ!

"ನನ್ನನ್ನು ಫಾರ್ಮ್ಯಾಟ್ ಮಾಡಬೇಡಿ" ಅಂತ ದೊಡ್ಡ ಅಕ್ಷರದಲ್ಲಿ ಒಂದು ಸ್ಟಿಕ್ಕರ್ ಮಾಡಿದ್ದೇನೆ, ಲ್ಯಾಪ್‌ಟಾಪಿನ ಹಿಂಬದಿಗೆ ಅಂಟಿಸುವಂಥದ್ದು. ಲಿಂಕ್ ಕೆಳಗೆ ಉಂಟು, ಪ್ರಿಂಟ್ ತೆಗೆದುಕೊಳ್ಳಿ, ದುಡ್ಡು ಇಲ್ಲ. ಭಾನುವಾರ ರಾತ್ರಿ ಎಂಟೂವರೆಗೆ ಲೈವ್ ಬರುತ್ತೇನೆ. ಯಾರ ಮನೆಯಲ್ಲಿ ಬೀಗ ಬಿದ್ದ ಡಿಸ್ಕ್ ಉಂಟೋ ಅವರು ಬನ್ನಿ, ಸೇರಿ ನೋಡೋಣ. ಚೀಟಿಯ ಫೋಟೋ ಕಳಿಸುವಾಗ ಕೈ ಅಲ್ಲಾಡಿಸದೆ ತೆಗೆಯಿರಿ, ಐಡಿಯ ಕೊನೆಯ ಎರಡು ಅಕ್ಷರ ಸರಿಯಾಗಿ ಕಾಣಬೇಕು.