ಒಂದೇ ಟೇಬಲ್ ಸ್ವಾಮಿ, ಒಂದೇ ಟೇಬಲ್!

ನಮಸ್ಕಾರ. ಇವತ್ತು ಪೀಠಿಕೆ ಇಲ್ಲ, ಕೋಪ ಬಂದಿದೆ.

ಕಳೆದ ವಾರ ಇಂಗ್ಲೆಂಡಿನ ಬ್ಯಾರಿಸ್ಟರುಗಳ, ಅಂದರೆ ಕೋರ್ಟಿನಲ್ಲಿ ನಿಂತು ವಾದಿಸುವ ವಕೀಲರ, ಸರ್ಕ್ಯೂಟ್ ಅನ್ನುವ ಪ್ರಾಂತ್ಯವಾರು ಸಂಘಗಳ ಬಗ್ಗೆ, ಅಲ್ಲಿನ ಊಟದ ಬಗ್ಗೆ ಮಾತಾಡಿದ್ದೆ ಅಲ್ವಾ? ಅದರ ಕೆಳಗೆ ಒಬ್ಬ ಮಹಾಶಯರು ಬರೆದಿದ್ದಾರೆ: "ಅದರಲ್ಲೇನಿದೆ ಸರ್, ಕರೀ ಕೋಟು ಹಾಕಿಕೊಂಡು ಕುಡಿಯೋ ಕ್ಲಬ್ಬು." ಈ ಕಾಮೆಂಟಿಗೆ ನನ್ನ ವಿಡಿಯೋಗಿಂತ ಜಾಸ್ತಿ ಲೈಕು ಬಂದಿವೆ. ಸಂತೋಷ. ಲೈಕ್ ಒತ್ತಿದವರು ಅದೇ ಕೈಯಲ್ಲಿ ಸಬ್‌ಸ್ಕ್ರೈಬನ್ನೂ ಒತ್ತಿದ್ದರೆ ಬೈಗುಳವನ್ನೇ ಆಶೀರ್ವಾದ ಅಂದುಕೊಳ್ಳುತ್ತಿದ್ದೆ.

ನಾನು ಹೇಳಿದ್ದು ಒಂದೇ ಮಾತು. ಸೀನಿಯರು, ಜೂನಿಯರು ಒಂದೇ ಟೇಬಲಿನಲ್ಲಿ ಕೂತು ಊಟ ಮಾಡಬೇಕು. ಕಲಿಕೆ ಅಲ್ಲಿದೆ.

ಈ ಸರ್ಕ್ಯೂಟ್ ಹುಟ್ಟಿದ್ದೇ ಹಾಗೆ. ಹಿಂದೆ ದೊಡ್ಡ ಕೇಸುಗಳಿಗೆ ಜಡ್ಜುಗಳೇ ಊರೂರಿಗೆ ಹೋಗುತ್ತಿದ್ದರು. ಅದಕ್ಕೆ ಅಸೈಜ್ ಅನ್ನುತ್ತಿದ್ದರು. ಇವತ್ತು ಯಾರ್ಕ್, ಅದಾದ ಮೇಲೆ ಲ್ಯಾಂಕಾಸ್ಟರ್. ಅವರ ಹಿಂದೆ ಬ್ಯಾರಿಸ್ಟರುಗಳ ದಂಡು. ಪರಊರು. ಬ್ಯಾರಿಸ್ಟರುಗಳಿಗೆ ಕೇಸು ತಂದುಕೊಡುವ ಅಟಾರ್ನಿಗಳು ಇಳಿದುಕೊಂಡ ಕಡೆ ಇವರೂ ಇಳಿದುಕೊಂಡರೆ ಕೇಸಿಗೋಸ್ಕರ ಹಲ್ಲು ಗಿಂಜುತ್ತಾರೆ ಅನ್ನುವ ಮಾತು ಬೇರೆ. ಹಾಗಾಗಿ ತಾವು ತಾವೇ ಸೇರಿ ಊಟ ಮಾಡಿದರು. ಅದೇ ಮೆಸ್. 1971ರ ಕಾಯ್ದೆ ಬಂದು ಅಸೈಜ್ ಹೋಯಿತು. ಸುತ್ತಾಟ ನಿಂತಿತು, ಊಟ ನಿಲ್ಲಲಿಲ್ಲ! ಇಂಗ್ಲೆಂಡ್, ವೇಲ್ಸ್ ಸೇರಿ ಇವತ್ತಿಗೂ ಆರು ಸರ್ಕ್ಯೂಟ್ ಇವೆ. ನಾರ್ದರ್ನ್ ಸರ್ಕ್ಯೂಟ್ ಅಂದರೆ ಮ್ಯಾಂಚೆಸ್ಟರ್, ಲಿವರ್‌ಪೂಲ್, ಪ್ರೆಸ್ಟನ್ ಕಡೆಯವರು.

ಸರಿ, ಊಟ ಯಾಕೆ ಬೇಕು? ಅಲ್ಲಿ ಹೊಸಬರಿಗೆ ಪ್ಯೂಪಿಲೇಜ್ ಅಂತ ಒಂದು ವರ್ಷದ ತರಬೇತಿ. ಮೊದಲ ಆರು ತಿಂಗಳು ಸೀನಿಯರ್ ಹಿಂದೆ ಓಡಾಟ. ಆಮೇಲಿನ ಆರು ತಿಂಗಳು ಸ್ವಂತ ಕೇಸು. ಅದು ಮುಗಿದ ಮೇಲೆ? ಬಹುಪಾಲು ಜನರಿಗೆ ಬಾಸ್ ಇಲ್ಲ, ಸಂಬಳ ಇಲ್ಲ. ಯಾವ ಜಡ್ಜ್ ಮುಂದೆ ಮಾತು ಉದ್ದ ಮಾಡಬಾರದು, ಪಾಟೀ ಸವಾಲಿನಲ್ಲಿ ಯಾವ ಪ್ರಶ್ನೆಯನ್ನು ಕೇಳದೇ ಬಿಡಬೇಕು, ಕಕ್ಷಿದಾರ ಸುಳ್ಳು ಹೇಳುತ್ತಿದ್ದಾನೆ ಅನ್ನಿಸಿದಾಗ ರಾತ್ರಿ ಯಾರಿಗೆ ಫೋನ್ ಮಾಡಬೇಕು? ಇದು ಯಾವ ಪುಸ್ತಕದಲ್ಲೂ ಇಲ್ಲ. ಊಟದ ನಡುವೆ ಪಕ್ಕದಲ್ಲಿ ಕೂತ ಹಿರಿಯರು ಹೇಳಬೇಕು. ಬೆಳಗ್ಗೆ ಇದೇ ಹಿರಿಯರು ಎದುರು ಪಕ್ಷದಲ್ಲಿ ನಿಂತು ನಿಮ್ಮನ್ನು ಹಣ್ಣುಗಾಯಿ ನೀರುಗಾಯಿ ಮಾಡಿರುತ್ತಾರೆ. ಸಂಜೆ ಅವರೇ "ಆ ಮೂರನೇ ಪ್ರಶ್ನೆ ಯಾಕೆ ಕೇಳಿದೆ ಮಾರಾಯ" ಅನ್ನಬೇಕು. ಅಂದಹಾಗೆ, ಬ್ಯಾರಿಸ್ಟರುಗಳು ಒಬ್ಬರಿಗೊಬ್ಬರು ಕೈ ಕುಲುಕುವುದಿಲ್ಲ ಅನ್ನುವ ಹಳೇ ಪದ್ಧತಿ ಅಲ್ಲಿದೆ. ನಾವೆಲ್ಲ ಮೊದಲೇ ಗೆಳೆಯರು, ಕೈ ಯಾಕೆ ಅಂತ. ಎಷ್ಟು ಚೆಂದ!

ಇನ್ನೊಬ್ಬರು ಗಾಂಧೀಜಿಯನ್ನೇ ಎಳೆದು ತಂದಿದ್ದಾರೆ. "ಈ ಊಟದಿಂದ ವಕೀಲಿಕೆಗೆ ಏನೂ ಲಾಭವಿಲ್ಲ ಅಂತ ಗಾಂಧಿಯೇ ಬರೆದಿದ್ದಾರೆ ಸರ್." ಬರೆದಿದ್ದಾರೆ. ಯಾರು ಇಲ್ಲ ಅಂದರು? ಗಾಂಧೀಜಿ ಓದಿದ್ದು ಲಂಡನ್ನಿನ ಇನ್ನರ್ ಟೆಂಪಲ್, ಬ್ಯಾರಿಸ್ಟರುಗಳನ್ನು ತಯಾರು ಮಾಡುವ ಸಂಸ್ಥೆ. ಸರ್ಕ್ಯೂಟ್ ಅಲ್ಲ, ಆದರೆ ಊಟದ ಪದ್ಧತಿ ಅದೇ ಜಾತಿಯದು. ಆಗ ಪ್ರತಿ ಟರ್ಮಿಗೆ ಇಷ್ಟು ಊಟಕ್ಕೆ ಹಾಜರಾಗಲೇಬೇಕಿತ್ತು. ನಾಲ್ಕು ಜನಕ್ಕೆ ಎರಡು ಬಾಟಲಿ ವೈನ್. ಇವರು ಮುಟ್ಟುವುದಿಲ್ಲವಲ್ಲ, ಹಾಗಾಗಿ ಗಾಂಧಿ ನಮ್ಮ ಗುಂಪಿಗೆ ಬರಲಿ ಅಂತ ಪೈಪೋಟಿ! ಆದರೆ ಸ್ವಾಮಿ, ಅದೇ ಆತ್ಮಕಥೆಯಲ್ಲಿ ಮುಂದಿನ ಸಾಲುಗಳನ್ನೂ ಓದಿ. ಹಿಂದೆ ವಿದ್ಯಾರ್ಥಿಗಳು ಕಡಿಮೆ ಇದ್ದರು, ಬೆಂಚರ್ ಅನ್ನುವ ಹಿರಿಯರ ಜೊತೆ ಮಾತಾಡುವ ಅವಕಾಶ ಇತ್ತು, ಅದರಿಂದ ಲೋಕಜ್ಞಾನ ಬರುತ್ತಿತ್ತು ಅನ್ನುತ್ತಾರೆ. ತಮ್ಮ ಕಾಲಕ್ಕೆ ಬೆಂಚರುಗಳು ಬೇರೆ ಟೇಬಲಿಗೆ ಹೋಗಿಬಿಟ್ಟಿದ್ದರು. ಕೇಳಿದಿರಾ? ಬೇರೆ ಟೇಬಲ್! ಗಾಂಧೀಜಿಯೂ ನನ್ನ ಪಾರ್ಟಿಯೇ.

"ಮತ್ತೆ ಆ ಕುಡಿತ?" ಇತ್ತು, ಮುಚ್ಚಿಡುವುದಿಲ್ಲ. 18ನೇ ಶತಮಾನದ ಲೇಖಕ, ವಕೀಲ ಜೇಮ್ಸ್ ಬಾಸ್ವೆಲ್ ಲ್ಯಾಂಕಾಸ್ಟರಿನಲ್ಲಿ ಕುಡಿದು ರಸ್ತೆಗೆ ಅಂಟಿಕೊಂಡಿದ್ದರಂತೆ. ಮುಂದೆ ಲಾರ್ಡ್ ಚಾನ್ಸೆಲರ್, ಅಂದರೆ ಆಗಿನ ಇಂಗ್ಲೆಂಡಿನ ನ್ಯಾಯಾಂಗದ ಮುಖ್ಯಸ್ಥ ಆದ ಎಲ್ಡನ್ ಹೇಳಿದ ಕಥೆ ಇದು. ಗೆಳೆಯರು ಚಂದಾ ಎತ್ತಿ, ಇಲ್ಲದ ರಿಟ್ ಒಂದನ್ನು ಲ್ಯಾಟಿನಿನಲ್ಲಿ ಹುಟ್ಟುಹಾಕಿ, ಕೇಸಿನ ಕಾಗದ ಅಂತ ಇವರ ಕೈಗೆ ಕೊಟ್ಟರು. ಅರ್ಥ: "ನೆಲಕ್ಕೆ ಯಾಕೆ ಅಂಟಿಕೊಂಡ?" ಬಾಸ್ವೆಲ್ ಕೋರ್ಟಿನಲ್ಲಿ ಗಂಭೀರವಾಗಿ ವಾದಿಸಿದರಂತೆ. ಜಡ್ಜಿಗೆ ತಲೆಬುಡ ತಿಳಿಯಲಿಲ್ಲ. ಕುಡಿಯುವುದು ಬೇಡ ಅಂದರೆ ಬೇಡ, ಮಜ್ಜಿಗೆ ಕುಡಿಯಿರಿ. ಟೇಬಲ್ ಯಾಕೆ ಎತ್ತುತ್ತೀರಿ?

ಹೆಂಗಸರ ವಿಷಯ ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆ. 1919ರ ಕಾಯ್ದೆ ಹೆಂಗಸರಿಗೆ ವಕೀಲಿಕೆಯ ಬಾಗಿಲು ತೆರೆದರೂ ಎಷ್ಟೋ ಮೆಸ್‌ಗಳ ಊಟಕ್ಕೆ ಅವರನ್ನು ಬಹಳ ಕಾಲ ಸೇರಿಸಲಿಲ್ಲ. ಲಿವರ್‌ಪೂಲಿನ ರೋಸ್ ಹೈಲ್‌ಬ್ರಾನ್ 1949ರಲ್ಲೇ ಕಿಂಗ್ಸ್ ಕೌನ್ಸೆಲ್, ಅಂದರೆ ಹಿರಿಯ ಬ್ಯಾರಿಸ್ಟರ್ ಅನ್ನುವ ಪದವಿಗೆ ಏರಿದರು. ನಾರ್ದರ್ನ್ ಸರ್ಕ್ಯೂಟಿನ ಲೀಡರ್ ಆಗಿದ್ದು 1973ರಲ್ಲಿ! ಇದು ನನ್ನ ವಾದಕ್ಕೇ ಬಲ. ಟೇಬಲಿನಲ್ಲಿ ಏನೂ ಇಲ್ಲ ಅಂದಿದ್ದರೆ ಅಷ್ಟು ವರ್ಷ ಯಾಕೆ ಕಾವಲು ಕಾದರು?

"ಜೂಮ್‌ನಲ್ಲಿ ಮೆಂಟರಿಂಗ್ ಮಾಡಬಹುದಲ್ಲ ಸರ್?" ಮಾಡಿ. "ಸರ್, ನೀವು ಮ್ಯೂಟ್‌ನಲ್ಲಿದ್ದೀರಿ" ಅನ್ನುವುದನ್ನು ಚೆನ್ನಾಗಿ ಕಲಿಯುತ್ತಾರೆ.

ನಮ್ಮಲ್ಲಿ? 1961ರ ವಕೀಲರ ಕಾಯ್ದೆ ಬಂದ ಮೇಲೆ ಬ್ಯಾರಿಸ್ಟರ್ ಅಂತ ಬೇರೆ ಇಲ್ಲ, ಎಲ್ಲರೂ ಅಡ್ವೊಕೇಟ್. ಜೂನಿಯರುಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ಶಿಫಾರಸು ಮಾಡಿತು. ಕೊಡಲಿ, ಖಂಡಿತ ಕೊಡಲಿ. ಕೊಟ್ಟು ಊಟಕ್ಕೂ ಕರೆಯಲಿ! ಸೀನಿಯರು ಒಳಗೆ ಬಾಗಿಲು ಹಾಕಿಕೊಂಡು ಡಬ್ಬಿ ಬಿಚ್ಚುತ್ತಾರೆ, ಜೂನಿಯರು ಹೊರಗೆ ನಿಂತು ಚಿತ್ರಾನ್ನ ತಿನ್ನುತ್ತಾನೆ. ಏನು ಕಲಿಯುತ್ತಾನೆ? ಚಿತ್ರಾನ್ನದ ರೇಟು!

ಒಂದೇ ಟೇಬಲ್! ಇನ್ನೂ ಕಾರಣ ಬೇಕಾ? ಕಾರಣ ಏನೂ ಇಲ್ಲ, ನಾನು ಹೇಳುತ್ತಿದ್ದೇನೆ, ಸುಮ್ನೆ ಒಂದೇ ಟೇಬಲ್ ಹಾಕಿ!

ಮೆಂಬರ್‌ಶಿಪ್ ಲಿಂಕ್ ಕೆಳಗಿದೆ, ಈ ಎಪಿಸೋಡಿಗೆ ಸ್ಪಾನ್ಸರ್ ಯಾರೂ ಸಿಗಲಿಲ್ಲ. ಮುಂದಿನ ವಾರ ಬ್ಯಾರಿಸ್ಟರುಗಳ ಕುದುರೆ ಕೂದಲಿನ ವಿಗ್ ಬಗ್ಗೆ. ಬೊಕ್ಕತಲೆಯವರು ತಪ್ಪದೇ ಬನ್ನಿ.