ಫ್ರೀವೇ ಕೆಡವಿದ ಮೇಯರ್ ಎಲೆಕ್ಷನ್ ಯಾಕೆ ಸೋತ್ರು?

ನಮಸ್ಕಾರ ಎಲ್ರಿಗೂ! ಸ್ಯಾನ್ ಫ್ರಾನ್ಸಿಸ್ಕೋದ ಎಂಬಾರ್ಕಡೆರೋ ಫ್ರೀವೇ ಕೆಡವಿದ್ಮೇಲೆ ಊರು ಎಷ್ಟ್ ಚೆಂದ ಆಯ್ತು ಅಂತ ಹೇಳೋ ವಿಡಿಯೋ ಬೇಕಾದಷ್ಟಿವೆ. ಬೇ ಏರಿಯಾದಲ್ಲಿರೋ ನಮ್ಮ ವೀಕ್ಷಕರೊಬ್ರು ಕೇಳಿದ್ದು ಬೇರೆನೇ: ಅಷ್ಟು ಒಳ್ಳೇ ಕೆಲಸ ಮಾಡಿದ ಮೇಯರ್‌ನ ಜನ ಯಾಕೆ ಮನೆಗೆ ಕಳ್ಸಿದ್ರು?

ಬೇಸಿಕ್ಸ್ ಬೇಗ ಮುಗಿಸ್ತೀನಿ. ಕೊಲ್ಲಿ ದಂಡೆ ಮೇಲಿನ ಡಬಲ್ ಡೆಕರ್ ಫ್ರೀವೇ, ಅಂದ್ರೆ ಕಂಬಗಳ ಮೇಲೆ ಎರಡಂತಸ್ತಿನ ಹೆದ್ದಾರಿ, 1959ರಲ್ಲಿ ಓಪನ್ ಆಯ್ತು, ಬೇ ಬ್ರಿಡ್ಜ್ ಕಡೆಯಿಂದ ಗೋಲ್ಡನ್ ಗೇಟ್ ಬ್ರಿಡ್ಜ್‌ವರೆಗೂ ಹೋಗ್ಬೇಕಿತ್ತು, ಜನ ಗಲಾಟೆ ಮಾಡಿದ್ರು, ಬ್ರಾಡ್‌ವೇ ರಸ್ತೆ ಹತ್ರ ಬಂದು ನಿಂತ್ಬಿಡ್ತು. ವರ್ಷಗಟ್ಟಲೆ ಅರ್ಧಕ್ಕೇ ನಿಂತಿದ್ದ ಬೆಂಗಳೂರಿನ ಈಜಿಪುರ ಫ್ಲೈಓವರ್ ನೆನಪಾಯ್ತಾ? ಅದು ತಾನಾಗೇ ನಿಂತಿದ್ದು, ಇದು ಜನ ನಿಲ್ಸಿದ್ದು. ನೋಡೋಕಂತೂ ಘೋರ, ಮಾರ್ಕೆಟ್ ಸ್ಟ್ರೀಟಲ್ಲಿ ನಿಂತ್ರೆ 1898ರ ಫೆರ್ರಿ ಬಿಲ್ಡಿಂಗೇ (ದೋಣಿ ನಿಲ್ದಾಣ) ಕಾಣ್ತಿರ್ಲಿಲ್ಲ, ಕಾಂಕ್ರೀಟ್ ಮೇಲಿಂದ ಗಡಿಯಾರದ ಗೋಪುರ ಮಾತ್ರ ಇಣುಕ್ತಿತ್ತು.

ಈಗ ಅಸಲಿ ವಿಷ್ಯ, ಆ ಬ್ರಾಡ್‌ವೇ ರ‍್ಯಾಂಪ್. ಅಲ್ಲಿ ಇಳಿದ್ರೆ ಚೈನಾಟೌನ್ ಕೆಲವೇ ಬ್ಲಾಕ್ ದೂರ. ಕೊಲ್ಲಿ ಆಚೆ ಓಕ್‌ಲ್ಯಾಂಡ್ ಕಡೆ ಮನೆ ಮಾಡ್ಕೊಂಡಿದ್ದ ಚೀನೀ ಕುಟುಂಬಗಳು ಕಾರಲ್ಲಿ ಬ್ರಿಡ್ಜ್ ದಾಟಿ, ಪೇಟೆಯ ಸಿಗ್ನಲ್‌ಗಳ ಗೊಡವೆನೇ ಇಲ್ದೆ ಸೀದಾ ಬಂದು ಇಳಿಯೋರು, ಮೀನು ತರಕಾರಿ ತಗೊಂಡು, ಊಟ ಮುಗ್ಸಿ, ಹಂಗೇ ವಾಪಸ್. ಊರಿಗೆಲ್ಲ ಅಡ್ಡಗೋಡೆ ಆಗಿದ್ದು ಈ ಅಂಗಡಿಯವ್ರಿಗೆ ಹೆಬ್ಬಾಗಿಲು! ಇದನ್ನ ಯಾವ ವಿಡಿಯೋನೂ ಹೇಳಲ್ಲ, ನಂಗೆ ಅದೇ ಸಿಟ್ಟು. 1986ರಲ್ಲಿ ಕೆಡವೋಣ್ವಾ ಅಂತ ವೋಟಿಗೆ ಹಾಕಿದಾಗ್ಲೂ ಜನ ಬೇಡ ಅಂದಿದ್ರು ಗೊತ್ತಾ?

ಆಮೇಲೆ 1989ರ ಅಕ್ಟೋಬರ್ 17ರ ಭೂಕಂಪ. ಫ್ರೀವೇಗೆ ಏಟು ಬಿತ್ತು, ಮುಚ್ಚಿದ್ರು, ಚೈನಾಟೌನ್ ವ್ಯಾಪಾರ ನೆಲ ಕಚ್ತು. ಮೇಯರ್ ಆರ್ಟ್ ಆಗ್ನೋಸ್ ಕೆಡವೋಣ ಅಂದ್ರು. ವ್ಯಾಪಾರಿಗಳ ಪರ ನಿಂತಿದ್ದ ರೋಸ್ ಪ್ಯಾಕ್ ಅನ್ನೋ ಗಟ್ಟಿಗಿತ್ತಿ, ಆಗಲ್ಲ, ರಿಪೇರಿ ಮಾಡಿ ಅಂತ ಹಠ ಹಿಡಿದ್ರು. ಊರಿನ ಬೋರ್ಡಲ್ಲಿ, ಅಂದ್ರೆ ನಮ್ಮ ಪಾಲಿಕೆ ಕೌನ್ಸಿಲ್ ಥರದ್ದು, ಮೇಯರ್ ಗೆದ್ದಿದ್ದು 6-5ರಲ್ಲಿ, ಒಂದೇ ಒಂದು ವೋಟು! 1991ರಲ್ಲಿ ಕೆಡವೋಕೆ ಶುರು ಮಾಡಿದ್ರು, ಅದೇ ವರ್ಷ ಮೇಯರ್ರೂ ಸೋತ್ರು. ಇದೊಂದೇ ಕಾರಣ ಅಂತಲ್ಲ, ಆದ್ರೆ ಚೈನಾಟೌನ್ ಕೈ ಕೊಟ್ಟಿದ್ದು ಚೆನ್ನಾಗೇ ತಟ್ತು.

ಟೈಮ್ ಆಗ್ತಿದೆ, ಉಳಿದಿದ್ದು ಫಟಾಫಟ್: ದಂಡೆ ಮೇಲೆ ಟ್ರಾಮು, ಈಚಲು ಮರ, 2003ರಲ್ಲಿ ಫೆರ್ರಿ ಬಿಲ್ಡಿಂಗ್ ಒಳಗೆ ಮಾರ್ಕೆಟ್ಟು, ಎಲ್ಲಾ ಬಂತು. ಚೈನಾಟೌನಿಗೆ ಸಬ್‌ವೇ, ಅಂದ್ರೆ ನೆಲದಡಿ ಓಡೋ ಟ್ರೈನು, ಪೂರ್ತಿ ಶುರುವಾಗಿದ್ದು 2023ರ ಜನವರೀಲಿ, ಸ್ಟೇಷನ್ನಿಗೆ ಇಟ್ಟ ಹೆಸ್ರು ಅದೇ ರೋಸ್ ಪ್ಯಾಕ್ ಅವ್ರದ್ದು, ಅವ್ರು 2016ರಲ್ಲೇ ತೀರ್ಕೊಂಡಿದ್ರು. ಕೆಡವಿದ್ದು ಸರಿನೇ, ಆದ್ರೆ ಬದಲಿ ದಾರಿಗೆ ಮೂವತ್ತು ವರ್ಷ ಕಾಯ್ಸೋದಾ? ಅದೂ ಆ ಸಬ್‌ವೇ ಕೊಲ್ಲಿ ದಾಟಲ್ಲ, ಓಕ್‌ಲ್ಯಾಂಡಿಂದ ಬರೋರು ಕೊಲ್ಲಿ ದಾಟೋ ಬಾರ್ಟ್ ಟ್ರೈನಲ್ಲಿ ಪವೆಲ್ ಸ್ಟೇಷನ್ನಿಗೆ ಬಂದು ಇಳಿದು, ಅಲ್ಲಿಂದ ಇನ್ನೊಂದು ಟ್ರೈನ್ ಹತ್ಬೇಕು.